ಹಂಡೆಯ ಮೇಲಿನ ಹೆಸರು: ನಮ್ಮ ಅಡುಗೆಮನೆ ಪಾತ್ರೆಗಳು ನಡೆದು ಬಂದ ದಾರಿ

ಮದುವೆ ಸೀಜನ್ ಬಂದರೆ ಹುಬ್ಬಳ್ಳಿಯ ದುರ್ಗದ ಬೈಲ್ ಸುತ್ತಮುತ್ತಲಿನ ಭಾಂಡೆ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನವಲಗುಂದ, ಕಲಘಟಗಿ, ಕುಂದಗೋಳ ಕಡೆಯಿಂದ ಬಂದ ಹೆಣ್ಣಿನ ಕಡೆಯವರು ಮಗಳಿಗೆ ಕೊಡುವ ಸಾಮಾನು ಆರಿಸುತ್ತಿರುತ್ತಾರೆ. ಕೊಡ, ಬೋಗುಣಿ, ಡಬ್ಬಿಗಳ ಸೆಟ್ಟು, ಮಸಾಲೆ ಡಬ್ಬಿ, ಕುಕ್ಕರ್. ಮಗಳು ಮೊಬೈಲಿನಲ್ಲಿ ನೋಡಿದ ಡಿಸೈನ್ ಕೇಳುತ್ತಾಳೆ, ಅವ್ವ ಪಾತ್ರೆ ಎತ್ತಿ ತೂಕ ನೋಡುತ್ತಾಳೆ, ಅಪ್ಪ ರೇಟು ಕೇಳುತ್ತಾನೆ.

ಈ ಮೂವರಲ್ಲಿ ಯಾರ ಮಾತು ಸರಿ? ಅದು ತಿಳಿಯಬೇಕಾದರೆ ಈ ಪಾತ್ರೆಗಳು ನಮ್ಮ ಮನೆಗೆ ಹೇಗೆ ಬಂದವು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ನಮಗೆ ಈ ವಿಷಯ ಬರಿಯ ಸುದ್ದಿಯಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇವೆ.

ಕಂಚಗಾರರ ಕಾಲ

ಹುಬ್ಬಳ್ಳಿಯಲ್ಲಿ ಇವತ್ತಿಗೂ ಕಂಚಗಾರ ಗಲ್ಲಿ ಎಂಬ ಹೆಸರಿದೆ. ಕಂಚು, ಹಿತ್ತಾಳೆ, ತಾಮ್ರದ ಪಾತ್ರೆ ಮಾಡುವವರು ಕಂಚಗಾರರು. ತಾಮ್ರಕ್ಕೆ ತವರ ಸೇರಿದರೆ ಕಂಚು, ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ. ಕಂಚು ಗಟ್ಟಿ, ಆದರೆ ಕೈ ಜಾರಿ ಬಿದ್ದರೆ ಸೀಳುತ್ತದೆ. ಹಾಗಾಗಿ ಅದು ಉಣ್ಣುವ ಗಂಗಾಳಕ್ಕೆ ಬಂತು. ತಾಮ್ರ ಬಡಿದಂತೆಲ್ಲ ಬಾಗುತ್ತದೆ, ಬೆಂಕಿಯ ಕಾವನ್ನು ಬೇಗ ಹಿಡಿಯುತ್ತದೆ. ಹಾಗಾಗಿ ಹಂಡೆಗೆ, ಕೊಡಕ್ಕೆ ಬಂತು. ಯಾವ ಲೋಹ ಯಾವ ಕೆಲಸಕ್ಕೆ ಎಂಬ ಲೆಕ್ಕ ನಮ್ಮ ಹಿರಿಯರಿಗೆ ಪುಸ್ತಕ ಓದದೆಯೇ ಗೊತ್ತಿತ್ತು.

ಬಡವರ ಮನೆಯಲ್ಲಿ ಇವು ಒಂದೋ ಎರಡೋ. ಉಳಿದದ್ದೆಲ್ಲ ಕುಂಬಾರರ ಗಡಿಗೆ, ಮಣ್ಣಿನ ಹಂಚು, ಬಡಿಗೇರರು ಮಾಡಿಕೊಟ್ಟ ಕಟ್ಟಿಗೆಯ ಕೊಣಮಿಗೆ, ಮೇದಾರರ ಬುಟ್ಟಿ. ಊರಿನಲ್ಲಿ ತಯಾರಾದದ್ದು ಊರಿನಲ್ಲೇ ಬಳಕೆಯಾಗುತ್ತಿತ್ತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಭಾಗಕ್ಕೆ ಬಂತು. ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಆ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜು ಆಯಿತು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಆಯಿತು. ಹತ್ತಿ ಹೊರಗೆ ಹೋದ ದಾರಿಯಲ್ಲೇ ದೂರದ ಊರುಗಳ ಲೋಹದ ಸಾಮಾನು ಒಳಗೆ ಬರುವುದು ಸುಲಭವಾಯಿತು.

ಕಲಾಯಿಯ ಕಷ್ಟ

ತಾಮ್ರ, ಹಿತ್ತಾಳೆಯಲ್ಲಿ ಹುಣಸೆಹುಳಿ ಅಥವಾ ಮಜ್ಜಿಗೆ ಇಟ್ಟರೆ ಕಿಲುಬು ಬಿಡುತ್ತದೆ. ಅದು ಹೊಟ್ಟೆಗೆ ವಿಷ. ಅದಕ್ಕೇ ಒಳಗೆ ತವರದ ತೆಳು ಲೇಪ ಕೊಡಬೇಕು. ಇದೇ ಕಲಾಯಿ.

ಕಲಾಯಿಯವರು ಊರಿಗೆ ಬಂದರೆ ಗುಡಿಯ ಕಟ್ಟೆಯ ಹತ್ತಿರ ನೆಲ ಅಗೆದು ಒಲೆ ಹೂಡುತ್ತಿದ್ದರು. ತಿದಿ ಒತ್ತಿ ಇದ್ದಿಲು ಕೆಂಪಗೆ ಮಾಡಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿದರೆ ಬೆಳ್ಳನೆಯ ಹೊಗೆ ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ತಿಕ್ಕಿದರೆ ಕ್ಷಣದಲ್ಲಿ ಪಾತ್ರೆಯ ಒಳಗೆ ಬೆಳ್ಳಿಯ ಹಾಗೆ ಹೊಳಪು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು, ತಾಮ್ರಕ್ಕೆ 1,085 ಡಿಗ್ರಿ ಬೇಕು. ಹಾಗಾಗಿ ಪಾತ್ರೆಗೆ ಏನೂ ಆಗದೆ ತವರವಷ್ಟೇ ಕರಗಿ ಹರಡುತ್ತದೆ. ನೋಡಲು ನಾವು ಹುಡುಗರು ಸುತ್ತ ಕೂರುತ್ತಿದ್ದೆವು.

ನೋಡಲು ಚಂದ, ಬಾಳಲು ಕಷ್ಟ. ಕಲಾಯಿ ಸವೆದರೆ ಮತ್ತೆ ಮಾಡಿಸಬೇಕು. ಕಟ್ಟಿಗೆ ಒಲೆಯ ಮಸಿ ಹಿಡಿಯಬಾರದೆಂದು ಪಾತ್ರೆಯ ತಳಕ್ಕೆ ದಿನಾಲು ಮಣ್ಣು ಬಳಿಯಬೇಕು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಕು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಫಳಫಳ ಹೊಳೆಯಬೇಕು. ಈ ತಿಕ್ಕಾಟವೆಲ್ಲ ಹೆಣ್ಣುಮಕ್ಕಳದು. ‘ಹಿಂದಿನ ಕಾಲದ ಪಾತ್ರೆ ಎಷ್ಟು ಚಲೋ’ ಎಂದು ಹೇಳುವ ಗಂಡಸರು ಅವುಗಳನ್ನು ತಿಕ್ಕಿದ್ದನ್ನು ನಾವು ನೋಡಿಲ್ಲ.

‘ಜರ್ಮನ್’ ಬಂತು

ನಮ್ಮ ಕಡೆ ಅಲ್ಯುಮಿನಿಯಂ ಪಾತ್ರೆಗೆ ‘ಜರ್ಮನ್ ಭಾಂಡೆ’ ಎನ್ನುತ್ತಾರೆ. ಆದರೆ ಭಾರತದಲ್ಲಿ ಇದರ ಪಾತ್ರೆ ಮಾಡುವ ಕೆಲಸ ಶುರುವಾದದ್ದು ಮದ್ರಾಸಿನಲ್ಲಿ. ಅಲ್ಲಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್ 1898ರಲ್ಲಿ ಇದನ್ನು ಆರಂಭಿಸಿದ. ತಾಮ್ರ, ಹಿತ್ತಾಳೆ ಬಡಿಯುವ ಕೈಗಳಿಗೇ ಹೊಸ ಲೋಹ ಕೊಟ್ಟ.

1970ರ ಸುಮಾರಿಗೆ ನಮ್ಮ ಪಕ್ಕದ ಬೆಳಗಾವಿಯಲ್ಲೇ ಇಂಡಾಲ್ ಕಂಪನಿಯ ಅಲ್ಯುಮಿನಿಯಂ ಕಾರ್ಖಾನೆ ಕೆಲಸ ಆರಂಭಿಸಿತು. ಈಗ ಅದು ಹಿಂಡಾಲ್ಕೊ ಕೈಯಲ್ಲಿದೆ.

ಜರ್ಮನ್ ಹಗುರ, ಸೋವಿ, ಕಲಾಯಿ ಬೇಡ. ಬಡವರ ಮನೆಯ ಗಡಿಗೆಯ ಜಾಗಕ್ಕೆ ಇದು ಬಂತು. ಆದರೆ ಮರ್ಯಾದೆಯ ಜಾಗಕ್ಕೆ ಬರಲಿಲ್ಲ. ಬೀಗರು ಬಂದರೆ ಕಂಚಿನ ಗಂಗಾಳವೇ ಹೊರಗೆ ಬರುತ್ತಿತ್ತು. ಹುಳಿ ಅಡುಗೆ ಇದರಲ್ಲಿ ಬಹಳ ಹೊತ್ತು ಇಡಬಾರದು ಎಂಬ ತಿಳಿವಳಿಕೆಯೂ ಹೆಂಗಸರಿಗೆ ಇತ್ತು, ಪಾತ್ರೆ ಕಪ್ಪಾಗುವುದನ್ನು ಅವರೇ ಕಂಡಿದ್ದರು.

ಸ್ಟೀಲಿನ ಹೊಳಪು

ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಕಂಡುಹಿಡಿದ. ಅವನು ಹುಡುಕುತ್ತಿದ್ದದ್ದು ಬಂದೂಕಿನ ನಳಿಗೆಗೆ ಒಳ್ಳೆಯ ಉಕ್ಕು. ಸಿಕ್ಕಿದ್ದು ಊಟದ ಚಾಕುವಿಗೆ ಬೇಕಾದ ಉಕ್ಕು. ನಮ್ಮ ಕಡೆ ಇದು ಮನೆಮನೆಗೆ ಬಂದದ್ದು ಬಹಳ ತಡವಾಗಿ. 1980ರ ದಶಕದ ಆರಂಭದಲ್ಲಿ ತಮಿಳುನಾಡಿನ ಸೇಲಂನಲ್ಲಿ ಸರ್ಕಾರದ ಸ್ಟೇನ್‌ಲೆಸ್ ಸ್ಟೀಲ್ ಕಾರ್ಖಾನೆ ಶುರುವಾಯಿತು. ಪಾತ್ರೆಗೆ ಬೇಕಾದ ಹಾಳೆ ದೇಶದಲ್ಲೇ ಸಿಗತೊಡಗಿತು.

ಒಲೆಯೂ ಬದಲಾಯಿತು. ಮೂರು ಕಲ್ಲಿನ ಒಲೆಯ ಮೇಲೆ ಗುಂಡು ತಳದ ಪಾತ್ರೆ ಗಟ್ಟಿಯಾಗಿ ಕೂರುತ್ತದೆ. ಸ್ಟೋವಿಗೂ ಗ್ಯಾಸಿಗೂ ಚಪ್ಪಟೆ ತಳ ಬೇಕು. ಪ್ರೆಸ್ಟೀಜ್, ಹಾಕಿನ್ಸ್ ಎರಡೂ ಕುಕ್ಕರ್‌ಗಳು ಭಾರತದಲ್ಲಿ ತಯಾರಾಗತೊಡಗಿದ್ದು 1959ರಲ್ಲಿ. ಹಳ್ಳಿಗೆ ಬರಲು ಅವಕ್ಕೆ ಬಹಳ ವರ್ಷ ಬೇಕಾಯಿತು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಗ್ಯಾಸ್ ಇನ್ನಷ್ಟು ಮನೆಗಳಿಗೆ ಮುಟ್ಟಿತು. ಕುಂತು ಮಾಡುವ ಅಡುಗೆ ನಿಂತು ಮಾಡುವ ಅಡುಗೆಯಾಯಿತು. ಕಟ್ಟೆಯ ಮೇಲೆ ಗೋಡೆಗೆ ಸ್ಟ್ಯಾಂಡ್ ಬಂತು. ಸಾಲಾಗಿ ಬೋರಲು ಹಾಕಿದ ಸ್ಟೀಲ್ ತಾಟು, ವಾಟಗ, ಡಬ್ಬಿಗಳೇ ಮನೆಯ ಶೃಂಗಾರವಾದವು.

ಇದರ ನಡುವೆ ಒಂದು ವ್ಯಾಪಾರ ನಡೆಯಿತು. ಓಣಿಯಲ್ಲಿ ಬುಟ್ಟಿ ಹೊತ್ತು ಬಂದವರು ಹಳೆ ಬಟ್ಟೆಗೆ, ಹಿತ್ತಾಳೆ ಪಾತ್ರೆಗೆ ಹೊಸ ಸ್ಟೀಲ್ ಕೊಟ್ಟರು. ಕೊಟ್ಟದ್ದು ದಪ್ಪ ತಾಮ್ರ, ತೆಗೆದುಕೊಂಡದ್ದು ತೆಳು ಸ್ಟೀಲ್. ತೂಕದ ಲೆಕ್ಕದಲ್ಲಿ ಇದು ಮೋಸ ಅನಿಸುತ್ತದೆ. ಆದರೆ ದಿನಾ ಬೂದಿ ಹಚ್ಚಿ ತಿಕ್ಕಿದವಳ ರಟ್ಟೆಯ ಲೆಕ್ಕವೇ ಬೇರೆ. ಅವಳನ್ನು ದಡ್ಡಿ ಎನ್ನಲು ನಾವು ತಯಾರಿಲ್ಲ.

ನೀರು ಬದಲಿಸಿದ ಅಡುಗೆಮನೆ

ಹುಬ್ಬಳ್ಳಿ-ಧಾರವಾಡದ ಅಡುಗೆಮನೆಯ ಕಥೆ ನೀರಿಲ್ಲದೆ ಮುಗಿಯುವುದಿಲ್ಲ. ನವಲಗುಂದ ಕಡೆಯ ಕರಿಮಣ್ಣಿನ ಊರುಗಳಲ್ಲಿ ಬಾವಿ ನೀರು ಸವಳು. ಕುಡಿಯಲು ಕೆರೆಯ ನೀರೇ ಗತಿ. ತಾಮ್ರದ ಖಾಲಿ ಕೊಡವೇ ಎರಡು-ಮೂರು ಕಿಲೋ ಇರುತ್ತದೆ. ಅದರಲ್ಲಿ 15 ಲೀಟರ್ ನೀರು ತುಂಬಿ ತಲೆಯ ಮೇಲೆ ಹೊತ್ತು ನಡೆದವರು ಪ್ಲಾಸ್ಟಿಕ್ ಕೊಡ ಬಂದ ದಿನ ಅದನ್ನು ಹಿಡಿದರು. ಅದರಲ್ಲಿ ಆಶ್ಚರ್ಯವೇನಿಲ್ಲ.

ಶಹರದ ಸ್ಥಿತಿಯೂ ಸುಖದ್ದಲ್ಲ. ನೀರಸಾಗರದ ನೀರು ಸಾಲದೆ ಮಲಪ್ರಭೆಯ ನೀರು ಬಂತು. ಆದರೂ ವಾರಕ್ಕೊಮ್ಮೆ ನಲ್ಲಿ ಬರುವ ಓಣಿಗಳಲ್ಲಿ ಕೊಡ, ಬಕೆಟ್, ಪಿಂಪ, ಕೊನೆಗೆ ಬೋಗುಣಿಗಳನ್ನೂ ತುಂಬಿಡಬೇಕು. 2008ರಲ್ಲಿ ಅವಳಿ ನಗರದ ಕೆಲವೇ ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ದಿನದ 24 ತಾಸು ನೀರು ಬಂತು. 24 ತಾಸು ನೀರು ಬರುವ ಮನೆಯವರಿಗೆ ಪಿಂಪ ಬೇಡ, ಬರದ ಮನೆಯವರಿಗೆ ಅಡುಗೆಮನೆಯ ಅರ್ಧ ಜಾಗ ಪಿಂಪಕ್ಕೇ ಬೇಕು. ಅಡುಗೆಮನೆ ಚಂದ ಕಾಣಬೇಕೆಂಬ ಆಸೆ ಎಲ್ಲರಿಗೂ ಇದೆ. ಅದಕ್ಕೆ ಜಾಗ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ನಲ್ಲಿ.

ಆ ಹಂಡೆ

ಈಗ ನಮ್ಮ ಮನೆಯ ಮಾತು. ನಮ್ಮ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಅವ್ವನಿಗೆ ಅವಳ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಅದರ ಕಂಠದ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿ ಬಡಿದು ಬರೆದ ಅಕ್ಷರ. ಅವ್ವನ ಹೆಸರು, ಕೊಟ್ಟವರ ಹೆಸರು, ಇಸವಿ. ಅಕ್ಷರ ಕಲಿಯುವ ಮುಂಚೆ ನಾವು ಬೆರಳಾಡಿಸಿ ಆಡಿದ ಮೊದಲ ಬರಹ ಅದು.

ಮನೆಯ ಹೊಲ ಅಪ್ಪನ ಹೆಸರಲ್ಲಿತ್ತು, ಮನೆ ಅಜ್ಜನ ಹೆಸರಲ್ಲಿತ್ತು. ಅವ್ವನ ಹೆಸರಿದ್ದದ್ದು ರೇಷನ್ ಕಾರ್ಡಿನಲ್ಲಿ ಮತ್ತು ಆ ಹಂಡೆಯ ಮೇಲೆ.

2010ರಲ್ಲಿ ನಾವು ಪತ್ರಿಕೋದ್ಯಮ ಡಿಪ್ಲೊಮಾ ಸೇರಬೇಕಾಗಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಫೀ ತುಂಬುವ ಕೊನೆಯ ದಿನ ಹತ್ತಿರ ಬಂದಾಗ ಅವ್ವ ಹಂಡೆ ಮಾರಲು ಹೊರಟಳು. ನಾವು ಬೇಡವೆಂದಾಗ ಅವಳು ಹೇಳಿದ್ದು ಇಷ್ಟೇ: “ಕಷ್ಟಕ್ಕ ಆಗಲಿ ಅಂತನ ನಮ್ಮವ್ವ ಇದನ್ನ ಕೊಟ್ಟಾಳ. ಈಗ ಆಗಲಿಲ್ಲಂದ್ರ ಇನ್ಯಾವಾಗ?”

ಅಂಗಡಿಯಲ್ಲಿ ತೂಗಿದರು. ತಳಕ್ಕೆ ಹಿಡಿದ ಸುಣ್ಣದ ಕಟ್ಟಿಗೆಂದು ಸ್ವಲ್ಪ ಕಳೆದರು. ರೊಕ್ಕ ಎಣಿಸಿ ಕೊಟ್ಟು, ಹಂಡೆ ಜಾಗ ಹಿಡಿಯುತ್ತದೆ ಎಂದು ನಮ್ಮ ಮುಂದೆಯೇ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಮೂಲೆಗೆ ಒಗೆದರು. ಅವ್ವ ಆ ಕಡೆ ನೋಡಲಿಲ್ಲ. ಫೀ ತುಂಬಿ ಉಳಿದ ರೊಕ್ಕದಲ್ಲಿ ಒಂದು ಅಲ್ಯುಮಿನಿಯಂ ಪಾತ್ರೆ ತಂದು ನೀರು ಕಾಯಿಸಿದಳು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

ಹೆಸರು ಯಾಕೆ ಬೇಕು

ಹೆಸರು ಕೆತ್ತಿಸುವುದು ಬರಿಯ ಶೋಕಿ ಅಲ್ಲ. ಮದುವೆ, ಜಾತ್ರೆಗೆ ಪಾತ್ರೆಗಳು ಊರೆಲ್ಲ ತಿರುಗಿದಾಗ ಯಾರದು ಯಾವುದು ಎಂದು ತಿಳಿಯಲು ಅದು ಬೇಕಾಗಿತ್ತು. ಅದಕ್ಕಿಂತ ದೊಡ್ಡ ಕಾರಣವೂ ಇದೆ. ಅದು ಈ ವಸ್ತು ಈ ಹೆಣ್ಣುಮಗಳದ್ದು ಎಂಬ ಸಾಕ್ಷಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಹೆಣ್ಣಿನ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಸ್ತ್ರೀಧನ ಹೆಂಡತಿಯದು, ಗಂಡನ ಮನೆಯಲ್ಲಿ ಇದ್ದ ಮಾತ್ರಕ್ಕೆ ಅದು ಗಂಡನದ್ದಾಗುವುದಿಲ್ಲ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂಬ ನಿಯಮವೂ 1985ರಲ್ಲೇ ಬಂತು. ಆ ಪಟ್ಟಿ ಬರೆದಿಟ್ಟವರನ್ನು ನಾವು ಹಳ್ಳಿಗಳಲ್ಲಿ ಕಂಡದ್ದು ಬಹಳ ಕಡಿಮೆ. ಕಂಚಗಾರರ ಉಳಿ ಮಾತ್ರ ಆ ಕೆಲಸವನ್ನು ಕಾಯ್ದೆಗಿಂತ ಮುಂಚೆಯೇ ಮಾಡುತ್ತಿತ್ತು.

ಹಾಗಾದರೆ ಏನು ಕೊಳ್ಳಬೇಕು?

ಇಷ್ಟೆಲ್ಲ ನೋಡಿದ ಮೇಲೆ ಅಂಗಡಿಗೆ ಹೋಗುವವರಿಗೆ ನಮ್ಮ ನಾಲ್ಕು ಮಾತು.

ಒಂದು, ಅಯಸ್ಕಾಂತ ಹಿಡಿದು ಸ್ಟೀಲ್ ಪರೀಕ್ಷೆ ಮಾಡುವುದನ್ನು ನಂಬಬೇಡಿ. 304 ಎಂಬ ದರ್ಜೆಯಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. ಸೋವಿಯ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಎರಡಕ್ಕೂ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ. ದರ್ಜೆ ಕೇಳಿ, ಬಿಲ್ಲಿನಲ್ಲಿ ಬರೆಸಿ. ಸ್ಟೀಲ್ ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಆದೇಶ ಹೊರಡಿಸಿದೆ. ಆ ಗುರುತು ನೋಡಿ.

ಎರಡು, ತಾಮ್ರದ ಗ್ಲಾಸು, ಬಾಟಲಿ ಈಗ ಫ್ಯಾಷನ್ ಆಗಿ ತಿರುಗಿ ಬಂದಿವೆ. ಕಲಾಯಿ ಇಲ್ಲದ ತಾಮ್ರದಲ್ಲಿ ನೀರು ಇಡಿ, ಮಜ್ಜಿಗೆ, ಲಿಂಬು ಪಾನಕ ಇಡಬೇಡಿ. ಕಲಾಯಿ ಮಾಡಿಸಿದರೆ ಸೀಸ ಬೆರೆಸದ ಶುದ್ಧ ತವರ ಎಂದು ಖಾತ್ರಿ ಮಾಡಿಕೊಳ್ಳಿ.

ಮೂರು, ರೊಟ್ಟಿಗೆ ಕಬ್ಬಿಣದ ಹಂಚನ್ನು ಬಿಡಬೇಡಿ. ಅದಕ್ಕೆ ಲೇಪ ಇಲ್ಲ, ಆದ್ದರಿಂದ ಕಿತ್ತು ಹೋಗುವ ಭಯವೂ ಇಲ್ಲ. ಅವ್ವನ ಹಂಚು ಮಗಳಿಗೂ ಬರುತ್ತದೆ.

ನಾಲ್ಕು, ಮಗಳಿಗೆ ಎಣಿಕೆಗೆ 51 ತೆಳು ಪಾತ್ರೆ ಕೊಡುವ ಬದಲು ಹತ್ತು ದಪ್ಪ ಪಾತ್ರೆ ಕೊಡಿ. ಡಿಸೈನ್ ಅವಳೇ ಆರಿಸಲಿ. ದಿನಾ ಹಿಡಿಯುವವಳು ಅವಳು. ಅಂಗಡಿಯಲ್ಲೇ ಮಷಿನ್ನಿನಿಂದ ಅವಳ ಹೆಸರು ಹಾಕಿಸಿ. ‘ಇಂಥವರ ಸೊಸೆ’ ಎಂದು ಬೇಡ, ಅವಳದೇ ಹೆಸರು. ಬಿಲ್ಲನ್ನೂ ಅವಳ ಹೆಸರಲ್ಲೇ ಮಾಡಿಸಿ, ಅವಳ ಕೈಗೆ ಕೊಡಿ.

ಅಂದರೆ ಅಂಗಡಿಯಲ್ಲಿ ನಿಂತ ಮೂವರದೂ ಸರಿ. ಚಂದ ನೋಡಿದ ಮಗಳದು, ತೂಕ ನೋಡಿದ ಅವ್ವನದು, ರೇಟು ಕೇಳಿದ ಅಪ್ಪನದು. ಹೆಸರು ಹಾಕಿಸಿದರೋ ಇಲ್ಲವೋ ಎಂದು ಕೇಳುವ ನಾಲ್ಕನೆಯವರೂ ಇರಬೇಕು, ಅಷ್ಟೇ.

ಹೋದ ದೀಪಾವಳಿಗೆ ನಾವು ಅವ್ವನಿಗೆ ಒಂದು ತಾಮ್ರದ ಕೊಡ ತಂದೆವು. ಹಂಡೆಯಷ್ಟು ದೊಡ್ಡದಲ್ಲ, ಹಂಡೆಯಷ್ಟು ದಪ್ಪವೂ ಅಲ್ಲ. ಕಂಠದ ಮೇಲೆ ಅವಳ ಹೆಸರು ಹಾಕಿಸಿದ್ದೆವು. ಅವ್ವ ಕನ್ನಡಕ ಹಾಕಿಕೊಂಡು ಓದಿದಳು. “ಇದನ್ನ ತಿಕ್ಕವರು ಯಾರು?” ಎಂದು ಕೇಳಿದಳು.

ಈಗ ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಾವೇ.