ಸುರಂಗದ ಬಾಯಲ್ಲಿ ನಿಂತ ದೆವ್ವ

ಚಾರ್ಲ್ಸ್ ಡಿಕನ್ಸ್‌ನ ‘ದಿ ಸಿಗ್ನಲ್‌ಮ್ಯಾನ್’ ಕಥೆ 1866ರಲ್ಲಿ, ಅವನೇ ನಡೆಸುತ್ತಿದ್ದ ವಾರಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಯಲ್ಲಿ ಬಂತು. ಹೊರೇಸ್ ವಾಲ್‌ಪೋಲ್ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಬರೆದು ಆರಂಭಿಸಿದ ಗಾಥಿಕ್ ಪರಂಪರೆಯಲ್ಲಿ ದೆವ್ವಗಳು ಹಳೆಯ ಕೋಟೆ, ನೆಲಮಾಳಿಗೆಗಳಲ್ಲಿ ಇರುತ್ತಿದ್ದವು. ಪೂರ್ವಿಕರ ಪಾಪವನ್ನು ಹಿಡಿದು ಕಾಡುತ್ತಿದ್ದವು. ಡಿಕನ್ಸ್‌ನ ದೆವ್ವ ನಿಲ್ಲುವುದು ರೈಲು ಸುರಂಗದ ಬಾಯಲ್ಲಿ, ಅಪಾಯದ ಕೆಂಪು ದೀಪದ ಬಳಿ. ಟೆಲಿಗ್ರಾಫ್ ಗಂಟೆಯನ್ನೂ ಅದು ಬಾರಿಸುತ್ತದೆ. ಕೇಳಿಸುವುದು ಸಿಗ್ನಲ್‌ಮ್ಯಾನ್ ಒಬ್ಬನಿಗೇ.

ಕಥೆಯಲ್ಲಿ ಸುರಂಗದೊಳಗೆ ನಡೆಯುವ ಅಪಘಾತ ಅಂದಿನ ಓದುಗರಿಗೆ ಬರೀ ಕಲ್ಪನೆಯಲ್ಲ. 1861ರ ಆಗಸ್ಟ್ 25ರಂದು ಬ್ರೈಟನ್‌ನಿಂದ ಲಂಡನ್ನಿಗೆ ಮೂರು ರೈಲುಗಳು, ಇರಬೇಕಾದ ಐದು ನಿಮಿಷಗಳ ಅಂತರವೂ ಇಲ್ಲದೆ, ಒಂದರ ಬೆನ್ನಿಗೊಂದು ಹೊರಟವು. ಕ್ಲೇಟನ್ ಸುರಂಗದ ದಕ್ಷಿಣ ತುದಿಯ ಸಿಗ್ನಲ್‌ಮ್ಯಾನ್‌ಗೆ ಅಂದು 24 ಗಂಟೆಗಳ ಪಾಳಿ. ಮೊದಲ ರೈಲು ಒಳಹೋದ ಮೇಲೆ ತಾನಾಗಿ ಬದಲಾಗಬೇಕಿದ್ದ ಸಿಗ್ನಲ್ ಕೈಕೊಟ್ಟಿತು. ಅವನು ಎರಡನೆಯ ರೈಲಿಗೆ ಕೆಂಪು ಬಾವುಟ ಬೀಸಿದ. ಚಾಲಕ ಅದನ್ನು ಕಂಡನೋ ಇಲ್ಲವೋ ಸಿಗ್ನಲ್‌ಮ್ಯಾನ್‌ಗೆ ತಿಳಿಯಲಿಲ್ಲ. ಸುರಂಗ ಖಾಲಿಯೇ ಎಂದು ಆಚೆ ತುದಿಗೆ ಟೆಲಿಗ್ರಾಫ್‌ನಲ್ಲಿ ಕೇಳಿದ. ಹೌದು ಎಂಬ ಉತ್ತರ ಬಂತು. ಆದರೆ ಅದು ಮೊದಲ ರೈಲಿಗೆ ಸಂಬಂಧಿಸಿದ ಉತ್ತರ. ಎರಡನೆಯದು ಬಾವುಟ ಕಂಡು ಒಳಗೇ ನಿಂತು, ಹಿಮ್ಮುಖವಾಗಿ ಬರುತ್ತಿತ್ತು. ಒಳಬಿಟ್ಟ ಮೂರನೆಯ ರೈಲು ಅದಕ್ಕೆ ಬಡಿದು 23 ಜನ ಸತ್ತರು. ಯಂತ್ರ ಸುದ್ದಿ ತಂದಿತ್ತು. ಯಾವ ರೈಲಿನ ಸುದ್ದಿ ಎಂದು ಮಾತ್ರ ಹೇಳಿರಲಿಲ್ಲ.

ಡಿಕನ್ಸ್‌ ಕಥೆಯ ಸಂಕಟವೂ ಇದೇ. ದೆವ್ವ ಕೈಬೀಸಿ ಎಚ್ಚರಿಸುತ್ತದೆ, ಅಪಾಯ ಎಲ್ಲಿ, ಯಾವುದು ಎನ್ನುವುದಿಲ್ಲ. ಸಿಗ್ನಲ್‌ಮ್ಯಾನ್ ಕಾರಣ ಹೇಳದೆ ತಂತಿ ಕಳಿಸಿದರೆ ಹುಚ್ಚನೆನ್ನುತ್ತಾರೆ. ಸುಮ್ಮನಿದ್ದರೆ ಜನ ಸಾಯುತ್ತಾರೆ. ಹೊಣೆಯೆಲ್ಲ ತನ್ನ ಮೇಲಿದ್ದೂ ಏನೂ ಮಾಡಲಾಗದ ಈ ಕೆಲಸಗಾರ ಗಾಥಿಕ್ ಸಾಹಿತ್ಯಕ್ಕೆ ಹೊಸಬ. ಕೊನೆಗೆ ಅವನೇ ಎಂಜಿನ್ನಿಗೆ ಸಿಕ್ಕಿ ಸಾಯುತ್ತಾನೆ.

ಲೇಖಕನ ಸ್ವಂತ ಅನುಭವವೂ ಇದರ ಹಿಂದಿತ್ತು. 1865ರ ಜೂನ್ 9ರಂದು ಕೆಂಟ್ ಪ್ರಾಂತದ ಸ್ಟೇಪಲ್‌ಹರ್ಸ್ಟ್ ಬಳಿ ದುರಸ್ತಿಗಾಗಿ ಸೇತುವೆಯ ಹಳಿ ಕಿತ್ತಿದ್ದರು. ಡಿಕನ್ಸ್ ಬರುತ್ತಿದ್ದ, ಹಡಗಿನ ಪ್ರಯಾಣಿಕರನ್ನು ತರುವ ರೈಲಿನ ಹೊತ್ತು ಸಮುದ್ರದ ಉಬ್ಬರವಿಳಿತಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಮೇಸ್ತ್ರಿ ವೇಳಾಪಟ್ಟಿಯನ್ನು ತಪ್ಪಾಗಿ ಓದಿದ್ದ. ಬಾವುಟದವನು ನಿಂತದ್ದು 1,000 ಗಜದ ಬದಲು 554 ಗಜ ದೂರದಲ್ಲಿ. ರೈಲು ಸೇತುವೆಯಲ್ಲಿ ಹಳಿತಪ್ಪಿ ಹತ್ತು ಜನ ಸತ್ತರು. ಡಿಕನ್ಸ್ ಇದ್ದ ಬೋಗಿ ಸೇತುವೆಯಿಂದ ಜೋತುಬಿತ್ತು. ಹೊರಬಂದ ಅವನು ಗಾಯಾಳುಗಳ ಉಪಚಾರಕ್ಕೆ ನಿಂತ. ಆಮೇಲೆ ರೈಲು ಪ್ರಯಾಣವೆಂದರೆ ಅವನಿಗೆ ನಡುಕ.

ಕ್ಲೇಟನ್‌ನಂಥ ಡಿಕ್ಕಿ ತಡೆಯಲು, ಎರಡು ಸಿಗ್ನಲ್ ಠಾಣೆಗಳ ನಡುವೆ ಒಮ್ಮೆಗೆ ಒಂದೇ ರೈಲು ಎಂಬ ಬ್ಲಾಕ್ ಪದ್ಧತಿ ಆಗಲೇ ತಿಳಿದಿತ್ತು. ಖರ್ಚಿಗೆ ಅಂಜಿದ ಕಂಪನಿಗಳು ಹಿಂಜರಿದವು. 1889ರಲ್ಲಿ ಐರ್ಲೆಂಡಿನ ಆರ್ಮಾ ಬಳಿ ರೈಲು ಅಪಘಾತದಲ್ಲಿ 80 ಜನ ಸತ್ತ ಮೇಲೆ, ಅದೇ ವರ್ಷ ಬ್ರಿಟನ್ನಿನ ಸಂಸತ್ತು ಪ್ರಯಾಣಿಕರ ಮಾರ್ಗಗಳಲ್ಲಿ ಅದನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿತು.