ರಾವ್ ಬಹದ್ದೂರ್ ಬಿರುದಿನ ಪಕ್ಕದಲ್ಲೇ ಬರೆದಿದ್ದ ಜಾತಿ



ಮೊನ್ನೆ ನಮ್ಮ ಕ್ಯಾಸಂಬಳ್ಳಿ ಕಡೆ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡ ಜಗಳ. ನಮ್ಮ ಹಿರಿಯರೊಬ್ಬರಿಗೆ ಸರ್ಕಾರಿ ಸಮಾರಂಭದಲ್ಲಿ ಶಾಲು ಹೊದಿಸಿ ಹಾರ ಹಾಕಿದ್ದರು. "ಶಾಲು ಹೊದ್ದವರು ಇನ್ನು ಹೋರಾಟಕ್ಕೆ ಬರಲ್ಲ ಬಿಡಿ" ಅಂತ ಒಬ್ಬ ತಮ್ಮ ಹಾಕಿದ. ಅವನಿಗೇ ಈ ಹಳೇ ವಿಷಯ ಬರೀತಿದೀನಿ.

1911ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ದರ್ಬಾರು ನಡೀತು. ನೆನಪಿಗೆ ಪದಕ ಹಂಚಿದರು. ರಾಜರಿಗೆ, ದೊಡ್ಡ ಅಧಿಕಾರಿಗಳಿಗೆ ಚಿನ್ನದ್ದು, ಉಳಿದವರಿಗೆ ಬೆಳ್ಳಿಯದು. ಆ ಕಾಲಕ್ಕೆ ಇಂಡಿಯಾದಲ್ಲಿ ತೆಗೀತಿದ್ದ ಚಿನ್ನದಲ್ಲಿ ಬಹುಪಾಲು ನಮ್ಮ ಕೆಜಿಎಫ್‌ನದು. ಜಾನ್ ಟೇಲರ್ ಕಂಪನಿ ಗಣಿಯೊಳಗೆ ಇಳಿದು, ರಾಕ್ ಬರ್ಸ್ಟ್‌ಗೆ ಸಿಕ್ಕಿ, ಧೂಳು ಕುಡಿದು ಸತ್ತವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ನಮ್ಮ ಜನ.

ದರ್ಬಾರು ಮುಗಿದ ಮೇಲೂ ದೊರೆಯ ಹುಟ್ಟುಹಬ್ಬಕ್ಕೆ, ಹೊಸ ವರ್ಷಕ್ಕೆ ಬಿರುದಿನ ಪಟ್ಟಿ ಬರ್ತಾ ಇತ್ತು: ರಾವ್ ಸಾಹೇಬ್, ರಾವ್ ಬಹದ್ದೂರ್, ದಿವಾನ್ ಬಹದ್ದೂರ್. ಮೈಸೂರು ಅರಮನೆಯಿಂದ ರಾಜಸೇವಾಸಕ್ತ, ರಾಜಸಭಾಭೂಷಣ. ಹೆಚ್ಚಾಗಿ ಸಿಕ್ಕಿದ್ದು ಅಧಿಕಾರಿಗಳಿಗೆ, ಜಮೀನ್ದಾರರಿಗೆ, ಸಾಹುಕಾರರಿಗೆ.

ಅಂಥ ಪಟ್ಟಿಯೊಳಕ್ಕೂ ಮದ್ರಾಸಿನ ನಮ್ಮವರು ಹೊಕ್ಕರು. ಎಂ.ಸಿ. ರಾಜಾ 1922ರಲ್ಲಿ ರಾವ್ ಬಹದ್ದೂರ್ ಆದರು. ಮರುವರ್ಷ, ಅಸ್ಪೃಶ್ಯರನ್ನು ನಡೆಸಿಕೊಂಡ ರೀತಿ ಸರಿಯಿಲ್ಲ ಅಂತ, ಆಳುತ್ತಿದ್ದ ಜಸ್ಟಿಸ್ ಪಕ್ಷವನ್ನೇ ಬಿಟ್ಟು ಬಂದರು.

ಇನ್ನೊಬ್ಬರು ರೆಟ್ಟಮಲೈ ಶ್ರೀನಿವಾಸನ್. ಬೈಗುಳ ಮಾಡಿದ್ದ ಜಾತಿ ಹೆಸರನ್ನೇ 1893ರಲ್ಲಿ 'ಪರೈಯನ್' ಅಂತ ಪತ್ರಿಕೆಗೆ ಇಟ್ಟವರು. 1926ರಲ್ಲಿ ರಾವ್ ಸಾಹೇಬ್, 1930ರಲ್ಲಿ ರಾವ್ ಬಹದ್ದೂರ್. ಅದೇ ವರ್ಷ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಬಾಬಾಸಾಹೇಬರ ಜೊತೆ ಹೋದರು. ದೊರೆಯ ಔತಣಕ್ಕೆ ಎದೆ ಮೇಲೆ ಒಂದು ಬಿಲ್ಲೆ ಹಾಕ್ಕೊಂಡು ಹೋದರಂತೆ. ಅದರಲ್ಲಿ ರಾವ್ ಬಹದ್ದೂರ್ ಅಂತಲೂ ಇತ್ತು, ಪರೈಯನ್, ಅಸ್ಪೃಶ್ಯ ಅಂತಲೂ ಇತ್ತು. ದೊರೆ ಕೈ ಚಾಚಿದಾಗ "ನಾನು ಮುಟ್ಟಿಸಿಕೊಳ್ಳದವನು" ಅಂತ ಹಿಂದೆ ಸರಿದರು ಅನ್ನೋ ಮಾತು ನಮ್ಮಲ್ಲಿ ಇವತ್ತಿಗೂ ಇದೆ. ಬಿರುದು ಕೊಟ್ಟ ದೊರೆಯ ಮನೆಯಲ್ಲೇ, ಬಿರುದಿನಿಂದ ಹೋಗದ ಕಳಂಕ ಯಾವುದು ಅಂತ ತೋರಿಸಿದರು. ಅದೇ ಪರಿಷತ್ತಿನಲ್ಲಿ ನಮ್ಮ ರಾಜಕೀಯ ಹಕ್ಕುಗಳ ಬೇಡಿಕೆ ಪತ್ರಕ್ಕೆ ಬಾಬಾಸಾಹೇಬರ ಸಹಿ ಜೊತೆ ಇವರ ಸಹಿಯೂ ಬಿತ್ತು. 1936ರಲ್ಲಿ ದಿವಾನ್ ಬಹದ್ದೂರ್ ಬಿರುದೂ ಬಂತು.

ಬಿರುದು ಕೊಡೋರು ನಮ್ಮ ಬಾಯಿ ಮುಚ್ಚಿಸೋಕೇ ಕೊಡಬಹುದು. ಅದು ನಿಜ ತಮ್ಮಾ, ನಿನ್ನ ಅನುಮಾನ ತಪ್ಪಲ್ಲ. ಆದರೆ ಶಾಲು ಹೊದ್ದ ದಿನವೇ ತೀರ್ಪು ಕೊಡಬೇಡ, ಮರುದಿನ ಅವರು ಏನು ಮಾಡ್ತಾರೆ ನೋಡು.

ಅಣ್ಣಾ, ನಿಮಗೂ ಒಂದು ಮಾತು. ಶಾಲು ಮಡಚಿ ಬೀರುವಿನಲ್ಲಿ ಇಡಬೇಡಿ. ಸೋಮವಾರ ಸ್ಮಶಾನದ ಜಾಗದ ಅರ್ಜಿ ಕೊಡೋಕೆ ತಾಲೂಕು ಆಫೀಸಿಗೆ ಹೋಗ್ತಿದೀವಿ. ಅದನ್ನೇ ಹೊದ್ದುಕೊಂಡು ಮುಂದೆ ನಡೀರಿ, ಹಿಂದೆ ನಾವಿದೀವಿ.

ಜೈ ಭೀಮ್.