ಮೌನವನ್ನೂ ಆಲಿಸುವ ಸಹಾಯವಾಣಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಊರೆಂದರೆ ಒತ್ತಾಗಿ ನಿಂತ ಮನೆಗಳ ಸಾಲಲ್ಲ. ತೋಟ, ಹಳ್ಳ, ಕಾಡುಗಳ ನಡುವೆ ಚದುರಿದ ಒಂಟಿಮನೆಗಳು ಮತ್ತು ಕೂಲಿಕಾರರ ಲೈನುಗಳು. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರಿನ ತಿರುವುಹಾದಿ. ಇಂತಹ ಸೀಮೆಯಲ್ಲಿ ಮನಸ್ಸು ಕುಸಿದವರಿಗೆ ನಡುರಾತ್ರಿಯಲ್ಲಿ ಕೈಗೆಟಕುವ ಆಸರೆ ಹಲವೊಮ್ಮೆ ದೂರವಾಣಿಯೊಂದೇ. ಆದರೆ ದೂರವಾಣಿಯಲ್ಲಿ ಮಾತನಾಡುವುದೇ ದುಸ್ತರವಾದವರ ಗತಿಯೇನು? ಸ್ವಲೀನತೆ, ಅವಧಾನದ ಚಂಚಲತೆ, ಕಲಿಕೆಯ ತೊಡಕು ಮೊದಲಾದವುಗಳಿಂದ ಗ್ರಹಿಕೆಯ ಬಗೆಯೇ ಬೇರೆಯಾಗಿರುವವರನ್ನು ಈಚಿನ ದಶಕಗಳಲ್ಲಿ ‘ನರವೈವಿಧ್ಯವುಳ್ಳವರು’ ಎಂದು ಕರೆಯಲಾಗುತ್ತಿದೆ. ಸಹಾಯವಾಣಿಗಳ ಚರಿತ್ರೆಯನ್ನು ಇವರ ಕಡೆಯಿಂದ ನೋಡಿದಾಗ ಅದರ ಹಿರಿಮೆಯೂ ಕೊರತೆಯೂ ಒಟ್ಟಿಗೆ ಕಾಣುತ್ತವೆ.

1953ರ ನವೆಂಬರಿನಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಅವರು ಬದುಕಿನಲ್ಲಿ ಹತಾಶರಾದವರಿಗಾಗಿ ತಮ್ಮ ಚರ್ಚಿನಲ್ಲಿ ದೂರವಾಣಿ ಸೇವೆಯೊಂದನ್ನು ಆರಂಭಿಸಿದರು. ಅವರನ್ನು ಕಾಣಲು ಬಂದು ಕಾಯುತ್ತಿದ್ದವರಿಗೆ ಸ್ವಯಂಸೇವಕರು ಚಹಾ ಕೊಟ್ಟು, ಅವರ ಮಾತನ್ನು ಸುಮ್ಮನೆ ಕೇಳುತ್ತ ಕುಳಿತಿರುತ್ತಿದ್ದರು. ಹಲವರಿಗೆ ಅಷ್ಟೇ ಸಾಕಾಗಿ, ಪಾದ್ರಿಯ ಉಪದೇಶ ಬೇಕೆನಿಸಲಿಲ್ಲ. ಇದನ್ನು ಮನಗಂಡ ವಾರಾ ಅವರು ಮರುವರ್ಷವೇ ಆಲಿಸುವ ಹೊಣೆಯನ್ನು ಸ್ವಯಂಸೇವಕರಿಗೆ ಒಪ್ಪಿಸಿದರು. ‘ಸಮಾರಿಟನ್ಸ್’ ಎಂಬ ಸಂಸ್ಥೆ ಬೆಳೆದದ್ದು ಹೀಗೆ. ಸಲಹೆಗಿಂತ ಶ್ರವಣ ದೊಡ್ಡದೆಂಬುದೇ ಈ ಪರಂಪರೆಯ ಮೊದಲ ಪಾಠ.

ಭಾರತದಲ್ಲಿ 1986ರಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಅವರು ಚೆನ್ನೈನಲ್ಲಿ ‘ಸ್ನೇಹಾ’ವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ 2002ರಲ್ಲಿ ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಶನ್ನಿನ ಆಶ್ರಯದಲ್ಲಿ ‘ಸಹಾಯ್’ ಆರಂಭವಾಯಿತು. ಕೇಂದ್ರ ಸರ್ಕಾರದ ವಿಕಲಚೇತನರ ಸಬಲೀಕರಣ ಇಲಾಖೆಯು 2020ರ ಸೆಪ್ಟೆಂಬರಿನಲ್ಲಿ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ‘ಕಿರಣ್’ ಸಹಾಯವಾಣಿಯನ್ನು ತೆರೆಯಿತು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಉದ್ಘಾಟನೆಗೊಂಡಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416 ಎಂಬ ಐದಂಕಿಯ ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ತಮಿಳುನಾಡಿನಿಂದಲೂ ಅಸ್ಸಾಮಿನಿಂದಲೂ ಕೆಲಸಕ್ಕೆ ಬಂದವರಿರುವ ಕಾಫಿ ತೋಟಗಳಿಗೆ ಬಹುಭಾಷೆಯ ಸೇವೆ ಸಣ್ಣ ಉಪಕಾರವಲ್ಲ.

ನರವೈವಿಧ್ಯದ ಅರಿವು ಬೆಳೆದದ್ದು ಬೇರೊಂದು ದಾರಿಯಲ್ಲಿ. ಲಿಯೊ ಕ್ಯಾನರ್ 1943ರಲ್ಲಿಯೂ ಹಾನ್ಸ್ ಆಸ್ಪರ್ಗರ್ 1944ರಲ್ಲಿಯೂ ಸ್ವಲೀನ ಮಕ್ಕಳ ಸ್ವಭಾವವನ್ನು ವಿವರಿಸಿದರು. ಆದರೂ ಭಾರತದ 1995ರ ಅಂಗವಿಕಲರ ಕಾಯಿದೆಯ ಏಳು ವರ್ಗಗಳಲ್ಲಿ ಸ್ವಲೀನತೆಗೆ ಸ್ಥಾನವಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅದನ್ನು ಹೆಸರಿಸಿತು. 2016ರ ಕಾಯಿದೆಯು 21 ವರ್ಗಗಳನ್ನು ಮಾಡಿ, ಕಲಿಕಾ ನ್ಯೂನತೆಯನ್ನೂ ಸೇರಿಸಿಕೊಂಡಿತು. ಹಾಗಾಗಿ ಅದಕ್ಕಿಂತ ಹಿಂದೆ ಬೆಳೆದ ಎಷ್ಟೋ ಮಕ್ಕಳು ಹಟಮಾರಿ, ಮಂಕ, ಸೋಮಾರಿ ಎಂಬ ಹೆಸರುಗಳನ್ನು ಹೊತ್ತೇ ದೊಡ್ಡವರಾದರು. ತಮ್ಮ ಕಷ್ಟಕ್ಕೆ ಹೆಸರೇ ತಿಳಿಯದವರು ಅದನ್ನು ಪರರಿಗೆ ಹೇಳುವುದಾದರೂ ಹೇಗೆ?

ಈ ಎರಡು ದಾರಿಗಳು ಕೂಡಬೇಕಾದ ತುರ್ತನ್ನು ತೋರಿಸಿದ್ದು ಈಚಿನ ಅಧ್ಯಯನಗಳು. ತಡವಾಗಿ ಆಸ್ಪರ್ಗರ್ ಲಕ್ಷಣವೆಂದು ಗುರುತಿಸಲ್ಪಟ್ಟ 374 ವಯಸ್ಕರನ್ನು ಕುರಿತು ಇಂಗ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇಕಡಾ 66 ಮಂದಿ ಜೀವನದಲ್ಲಿ ಎಂದಾದರೂ ಆತ್ಮಹತ್ಯೆಯ ಯೋಚನೆ ಸುಳಿದಿತ್ತೆಂದು ತಿಳಿಸಿದ್ದರು. 2021ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ, ಸೇವೆಗಳನ್ನು ಪಡೆಯಲು ದೂರವಾಣಿಗಿಂತ ಬರಹವೇ ಲೇಸೆಂಬ ಒಲವು 245 ಸ್ವಲೀನ ವಯಸ್ಕರಲ್ಲಿ ಎದ್ದು ಕಂಡಿತು. ಎದುರಿನವರ ಮುಖ ಕಾಣದು, ಉತ್ತರಕ್ಕೆ ಬಿಡುವಿರದು, ಮಾತಿನ ಸರದಿ ಯಾವಾಗ ಬರುವುದೆಂದು ತಿಳಿಯದು. ನೆರವಿನ ಅಗತ್ಯ ಹೆಚ್ಚಾಗಿರುವವರಿಗೇ ನೆರವಿನ ಬಾಗಿಲು ಕಿರಿದಾಗಿದೆ. ಸಮಾರಿಟನ್ಸ್ 1994ರಿಂದಲೇ ಇ-ಮೇಲ್ ಮೂಲಕವೂ ಸಾಂತ್ವನ ನೀಡತೊಡಗಿದ್ದು ಈ ದೃಷ್ಟಿಯಿಂದ ಗಮನಾರ್ಹ.

ಮಲೆನಾಡಿನಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಮುಂಗಾರಿನಲ್ಲಿ ಮರ ಬಿದ್ದು ತಂತಿ ಕಡಿದರೆ ವಿದ್ಯುತ್ತಿನೊಡನೆ ಸಿಗ್ನಲ್ಲೂ ಮಾಯವಾಗುತ್ತದೆ. ಲೈನುಮನೆಯ ಒಂದೇ ಕೋಣೆಯಲ್ಲಿ ನಾಲ್ಕಾರು ಜನರಿರುವಾಗ ಗುಟ್ಟಿನ ಮಾತಿಗೆ ಮರೆಯಿಲ್ಲ. ಕರೆ ಕೂಡಿಯೂ ಮಾತು ಹೊರಡದಿರಲು ಹೀಗೆ ಹಲವು ಕಾರಣಗಳುಂಟು. ಆ ಮೌನವನ್ನು ಚೇಷ್ಟೆಯೆಂದೋ ತಪ್ಪು ಸಂಖ್ಯೆಯೆಂದೋ ಬಗೆದು ಕರೆ ಮುಗಿಸಿಬಿಟ್ಟರೆ, ಬಹು ಪ್ರಯಾಸದಿಂದ ಚಾಚಿದ ಕೈಯನ್ನು ತಳ್ಳಿದಂತೆಯೇ ಸರಿ.

ಆಲಿಸುವವರು ಕಲಿಯಬೇಕಾದದ್ದು ಬಹಳವಿಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುವುದು. ಸುತ್ತುಮಾತಿಲ್ಲದೆ ನೇರವಾಗಿ ಆಡುವುದು. ಉತ್ತರ ತಡವಾದರೆ ಕಾಯುವುದು. ಮುಂದೇನು ನಡೆಯುವುದೆಂದು ಮೊದಲೇ ತಿಳಿಸುವುದು. ಏರಿಳಿತವಿಲ್ಲದ ದನಿಯನ್ನು ಕಂಡು ದುಃಖವೇ ಇಲ್ಲವೆಂದು ತೀರ್ಮಾನಿಸದಿರುವುದು. ಬರೆದು ತಿಳಿಸುವ ಅವಕಾಶವನ್ನೂ ಕೊಡುವುದು. ಮನೆಯವರೂ ನೆರೆಯವರೂ ಇದನ್ನೇ ಅಭ್ಯಾಸ ಮಾಡಿದರೆ, ಸಿಗ್ನಲ್ ಇಲ್ಲದ ಮಳೆಗಾಲದ ರಾತ್ರಿಯಲ್ಲಿಯೂ ಒಂದು ಸಹಾಯವಾಣಿ ತೆರೆದಿರುತ್ತದೆ. ಏಳು ದಶಕಗಳ ಹಿಂದೆ ಆ ಸ್ವಯಂಸೇವಕರು ಕೊಟ್ಟದ್ದು ತಮ್ಮ ಸಮಯವನ್ನು ಮಾತ್ರ. ಮಾತು ಬಾರದವರಿಗೆ ಆ ಸಮಯವನ್ನು ಇನ್ನಷ್ಟು ಧಾರಾಳವಾಗಿ ಕೊಡುವುದೇ ಈಗ ಉಳಿದಿರುವ ಕರ್ತವ್ಯ.